ಒಂದು ಹೆಸರಿನ ಪದಚ್ಛೇದ

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ರೈಲು ನಿಲ್ದಾಣದಿಂದ ಆಸ್ಪತ್ರೆಯ ಕಡೆಗೆ ಹೋಗುವ ದಾರಿಯಲ್ಲಿ ಚೀನೀಯರ ಒಂದು ತಿಂಡಿಯ ಅಂಗಡಿಯಿದೆ. ಬೆಳಗಿನ ಹತ್ತರ ಹೊತ್ತಿಗೆ ಅಲ್ಲಿ ಕರಿ ಎಳ್ಳು ಹುರಿಯುತ್ತಾರೆ. ಮೊಣಕಾಲಿನ ಚಿಕಿತ್ಸೆಗಾಗಿ ವಾರಕ್ಕೊಮ್ಮೆ ಆ ದಾರಿ ತುಳಿಯುವ ನಾನು, ಆ ವಾಸನೆ ಬಂದಾಗ ಒಂದು ಕ್ಷಣ ನಿಲ್ಲುತ್ತೇನೆ. ಪಿತೃಕಾರ್ಯದ ಎಳ್ಳನ್ನು ಹುರಿಯುವ ಪದ್ಧತಿಯಿಲ್ಲ, ನಿಜ. ಆದರೆ ಮನಸ್ಸು ಶಾಸ್ತ್ರವನ್ನು ಕೇಳಿ ನೆನೆಯುವುದಿಲ್ಲ. ಅದು ನೇರವಾಗಿ ಸಿಡ್ನಿಯ ಟೂಂಗಾಬಿಗೆ, ಮೂರು ವರ್ಷಗಳ ಹಿಂದಿನ ಒಂದು ಮಹಾಲಯ ಪಕ್ಷಕ್ಕೆ, ಬೇಲಿಯಾಚೆಯ ಮನೆಯ ಲೊರೆಟ್ಟಾ ಅವರ ಊಟದ ಮೇಜಿಗೆ ಹೋಗಿ ಕೂರುತ್ತದೆ.

ಈಗ ಮೆಲ್ಬರ್ನ್‌ನಲ್ಲಿರುವ ನಮ್ಮ ಮಗಳು ಸುಮನಾಳ ಸಂಸಾರ ಆಗ ಟೂಂಗಾಬಿಯಲ್ಲಿತ್ತು. ಉಡುಪಿಯ ಬಳಿಯ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸಿ, ಬಿಡುವಿನಲ್ಲಿ ತಾಳೆಗರಿಗಳನ್ನು ಓದಿ ಮೂಲದ ಸರಿಯಾದ ಪಾಠ ನಿಶ್ಚಯಿಸುವ ಕೆಲಸದಲ್ಲಿ ಕಣ್ಣು ಸವೆಸಿದ್ದ ನಾನು ಆರು ತಿಂಗಳ ಮಟ್ಟಿಗೆಂದು ಅಲ್ಲಿಗೆ ಬಂದಿದ್ದೆ. ಊರಿನಲ್ಲಿ ಭಾದ್ರಪದದ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಇಲ್ಲಿ ಆಕಾಶ ತೊಳೆದಿಟ್ಟಂತೆ ನಿರ್ಮಲ, ಪಶ್ಚಿಮದಿಂದ ಒಣಗಾಳಿ, ಗಿಡಗಳಲ್ಲೆಲ್ಲ ವಸಂತದ ಚಿಗುರು. ಸಂಕಲ್ಪದಲ್ಲಿ ಋತುವಿನ ಹೆಸರು ಹೇಳುವಾಗ ನಾಲಿಗೆ ತಡೆಯುತ್ತಿತ್ತು. ತರ್ಪಣಕ್ಕೆ ದಕ್ಷಿಣಾಭಿಮುಖನಾಗಿ ಕುಳಿತಾಗಲೂ, ಪಿತೃಗಳ ದಿಕ್ಕಿಗೆ ನಾನೇ ಇಷ್ಟು ದೂರ ನಡೆದು ಬಂದುಬಿಟ್ಟೆನಲ್ಲ ಎನ್ನಿಸುತ್ತಿತ್ತು.

ಲೊರೆಟ್ಟಾ ಅವರ ಪರಿಚಯವಾದದ್ದು ಹೂವಿನಿಂದ. ಅವರ ಬಿಳಿಯ ಕೆಮೀಲಿಯಾ ಗಿಡದ ಕೊಂಬೆಯೊಂದು ನಮ್ಮ ಹಿತ್ತಲಿಗೆ ಚಾಚಿಕೊಂಡಿತ್ತು. ಕೊಂಬೆ ಎತ್ತ ಬಾಗಿದರೂ ಹೂವು ಗಿಡದ ಒಡೆಯರದೇ ಎಂದು ಭಾವಿಸಿ, ಆಗಸ್ಟಿನ ಒಂದು ಬೆಳಗ್ಗೆ ನಾನು ಅವರ ಬಾಗಿಲು ತಟ್ಟಿದೆ. ಎಪ್ಪತ್ತು ದಾಟಿದ, ಎತ್ತರದ ನಿಲುವಿನ, ಕಪ್ಪು ವರ್ಣದ ಹೆಂಗಸು ಬಾಗಿಲು ತೆರೆದರು. ನನ್ನ ಹೆಸರು ಹೇಳಿಕೊಂಡು, ದೇವರ ಪೂಜೆಗೆ ಎರಡು ಹೂವು ಕೊಯ್ಯಬಹುದೇ ಎಂದು ಕೇಳಿದೆ. ಅವರು ಆಡುತ್ತಿದ್ದುದು ಇಂಗ್ಲಿಷ್. ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ದಿನಾ ಬೆಳಿಗ್ಗೆ ಎರಡು ಹೂವು ಕಮ್ಮಿ ಇರ್ತಿತ್ತು," ಎಂದರು ಅವರು. "ನಿಮ್ಮ ದೇವರು ಕೇಳದೆಯೇ ತಗೊಳ್ತಾನೆ ಅಂದುಕೊಂಡಿದ್ದೆ."

ಕೊಯ್ಯುತ್ತಿದ್ದವಳು ನನ್ನ ಮಗಳೆಂದು ತಲೆ ತಗ್ಗಿಸಿ ಒಪ್ಪಿಕೊಂಡೆ. ಅವರು ನಕ್ಕು, ನಾನು ಊರಿನಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರು. ಹಳೆಯ ಕೈಬರಹಗಳನ್ನು ಓದುತ್ತಿದ್ದೆ ಎಂದೆ. ಅವರ ನಗು ನಿಂತಿತು.

"ಹಾಗಾದರೆ ಒಳಗೆ ಬನ್ನಿ, ಮಿಸ್ಟರ್ ಭಟ್. ಹೂವು ಎಲ್ಲೂ ಹೋಗಲ್ಲ."

ಮೇಜಿನ ಮೇಲೆ, ಒಂದು ಹಡಗಿನ ನಾವಿಕರ ಹೆಸರುಗಳನ್ನು ಬರೆದಿಟ್ಟ ಪುಸ್ತಕದ ಕೆಲವು ಪುಟಗಳ ಅಚ್ಚುಪ್ರತಿಗಳಿದ್ದವು. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ವಸಾಹತುಗಳು ಬ್ರಿಟಿಷ್ ದೊರೆಯ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಯುದ್ಧ ಹೂಡಿದ್ದವು. ಆ ನೆಲದ ಕಪ್ಪು ಜನರಲ್ಲಿ ಬಹುಪಾಲು ಮಂದಿ ಆಗ ಗುಲಾಮರು. ಆದರೂ ಬಿಡುಗಡೆ ಪಡೆದವರು ಕೆಲವರಿದ್ದರು, ಅವರಲ್ಲಿ ಅನೇಕರು ಕಡಲನ್ನು ಸೇರಿದ್ದರು. ಹಗ್ಗ ಎಳೆಯುವವನ ಬಣ್ಣಕ್ಕಿಂತ ಅವನ ತೋಳು ಹಡಗಿಗೆ ಮುಖ್ಯವಾಗಿತ್ತು. ಅಮೆರಿಕದಿಂದ ಬಂದು ಸಿಡ್ನಿಯಲ್ಲಿ ನೆಲೆಸಿದ್ದ ಲೊರೆಟ್ಟಾ ಅವರ ವಂಶದ ಮೊದಲ ಪುರುಷ ಅಂಥವನು. ಗುಲಾಮನಾಗಿ ಹುಟ್ಟಿ, ಬಿಡುಗಡೆಯಾಗಿ, ವಸಾಹತುಗಳ ಪರವಾಗಿ ಯುದ್ಧನೌಕೆ ಏರಿದವನು. ಅವರ ಮನೆತನದ ಬೈಬಲ್ಲಿನ ಮೊದಲ ಹಾಳೆಯಲ್ಲಿ ಯಾರೋ ಅಜ್ಜಿ ಬರೆದಿಟ್ಟ ವಂಶಾವಳಿ ಅವನಿಂದಲೇ ಆರಂಭವಾಗುತ್ತಿತ್ತು: ಆಬೆಲ್ ಫ್ರೀಮನ್, ನಾವಿಕ.

ಅವನ ಊರಾದ ಅಮೆರಿಕದ ಒಂದು ಸಣ್ಣ ಬಂದರಿನಲ್ಲಿ, ಆ ಯುದ್ಧದಲ್ಲಿ ದುಡಿದ ನಾವಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಲು ಊರಿನವರೊಂದು ಸಮಿತಿ ಮಾಡಿಕೊಂಡಿದ್ದರು. ಲೊರೆಟ್ಟಾ ಹೆಸರು ಕಳಿಸಿದ್ದರು. ಸಮಿತಿಯ ಉತ್ತರ ವಿನಯದಿಂದಲೇ ಇತ್ತು. ಹಡಗಿನ ಪಟ್ಟಿಯಲ್ಲಿ ಇರುವುದು 'ಫ್ರೀಮನ್' ಎಂಬ ಒಂದು ಪದವಲ್ಲ, 'ಫ್ರೀ ಮ್ಯಾನ್' ಎಂಬ ಎರಡು ಪದ. ಅದು ಮನೆತನದ ಹೆಸರಲ್ಲ, 'ಸ್ವತಂತ್ರ ಮನುಷ್ಯ' ಎಂದು ಗುಮಾಸ್ತ ಮಾಡಿದ ವರ್ಣನೆ. ಆದ್ದರಿಂದ ಈ ಆಬೆಲ್ ನಿಮ್ಮ ಆಬೆಲ್ಲೇ ಎನ್ನಲಾಗದು. 'ಆಬೆಲ್' ಎಂದಷ್ಟೇ ಕೆತ್ತಿಸುತ್ತೇವೆ. ಬೇರೆ ಆಧಾರವಿದ್ದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಕಳಿಸಿ.

"ನಾನು ಮೂವತ್ತು ವರ್ಷ ನರ್ಸ್ ಆಗಿದ್ದೆ," ಎಂದರು ಲೊರೆಟ್ಟಾ. "ಡಾಕ್ಟರುಗಳ ಕೈಬರಹ ಓದಿ ಓದಿ ನನಗೆ ಓದಲಾಗದ್ದು ಇಲ್ಲ. ಆದರೆ ಇದನ್ನು ನಾನು ಓದಿದರೆ, ಅವಳಿಗೆ ಬೇಕಾದ ಹಾಗೆ ಓದಿದಳು ಅಂತಾರೆ. ನೀವು ಹೊರಗಿನವರು. ನೀವು ಓದಿ."

ನಾನು ಓದಿದೆ. ಹಳೆಯ ತಾಳೆಗರಿಗಳಲ್ಲಿ ಪದಗಳ ನಡುವೆ ಎಡೆಯೇ ಇರುವುದಿಲ್ಲ. ಸಾಲಿಗೆ ಸಾಲೇ ಒಂದು ಪದದಂತೆ ಹರಿದಿರುತ್ತದೆ. ಎಲ್ಲಿ ಬಿಡಿಸಬೇಕೆಂದು ನಿಶ್ಚಯಿಸುವ ಕೆಲಸಕ್ಕೆ ಪದಚ್ಛೇದವೆಂದು ಹೆಸರು. ತಪ್ಪಾಗಿ ಬಿಡಿಸಿದರೆ ಸ್ತುತಿ ನಿಂದೆಯಾದೀತು. ನನಗೆ ಕಲಿಸಿದ ಗುರುಗಳು ಇದರಲ್ಲಿ ಬಹಳ ಕಠಿಣರು, ಬೇಕಾದ ಅರ್ಥಕ್ಕಾಗಿ ಅಕ್ಷರವನ್ನು ಎಳೆದವನನ್ನು ಪಾಠದಿಂದ ಎಬ್ಬಿಸಿಬಿಡುತ್ತಿದ್ದರು. ಇಲ್ಲಿಯ ತೊಡಕು ನನ್ನ ಅಭ್ಯಾಸಕ್ಕೆ ವಿರುದ್ಧವಾಗಿತ್ತು. ಎಡೆಯಿತ್ತು. ಒಂದು ಗೋಧಿಕಾಳು ಹಿಡಿಸುವಷ್ಟು ಎಡೆ ಸ್ಪಷ್ಟವಾಗಿತ್ತು.

"ಎಡೆ ಇದೆ," ಎಂದೆ.

"ಇದೆ ಅಂತ ನನಗೂ ಗೊತ್ತು."

"ಇಲ್ಲವೆಂದು ನಾನು ಹೇಳಲಾರೆ."

ಅವರು ಕಾಗದಗಳನ್ನು ಜೋಡಿಸಿಟ್ಟು ಎದ್ದರು. ನಾನೂ ಎದ್ದೆ. ಅಂದು ಹೂವು ಕೊಯ್ಯುವುದನ್ನು ಮರೆತು ಬರಿಗೈಯಲ್ಲಿ ಮನೆಗೆ ಬಂದೆ.

ಮೂರು ದಿನ ಅವರು ನನ್ನ ಕಣ್ಣಿಗೆ ಬೀಳಲಿಲ್ಲ. ನನಗೆ ಊಟ ರುಚಿಸಲಿಲ್ಲ. ಸುಮನಾ ಬಡಿಸುತ್ತ ಕೇಳಿದಳು, "ಅಪ್ಪಯ್ಯ, ನೀವು ಎಂತ ಹೇಳಿದ್ರಿ ಅವರಿಗೆ? ನಿನ್ನೆ ಕಸದ ಬಿನ್ ಹೊರಗಿಡ್ಲಿಕ್ಕೆ ಬಂದಾಗ ನನ್ನ ಹತ್ರನೂ ಸರಿ ಮಾತಾಡ್ಲಿಲ್ಲ."

"ಇದ್ದದ್ದನ್ನು ಹೇಳಿದೆ."

"ಅದೇ ಅಲ್ವಾ ನಿಮ್ಮ ಸಮಸ್ಯೆ. ಹೂವು ಕೊಯ್ಯುವವಳು ನಾನು ಅಂತ್ಲೂ ಹೇಳಿ ಬಂದಿದ್ದೀರಿ."

ಅಳಿಯ ನವೀನ ಬೆಂಗಳೂರಿನವನು, ಕಂಪ್ಯೂಟರಿನ ಕೆಲಸದವನು. ಅವನು ತಟ್ಟೆಯಿಂದ ತಲೆಯೆತ್ತದೆ ಒಂದು ಮಾತು ಹೇಳಿದ. "ಮಾವ, ಒಂದ್ ಸಲ ಸ್ಪೇಸ್ ಬಿಟ್ಟಿದಾನೆ ಅಂದ್ರೆ ಏನೂ ಪ್ರೂವ್ ಆಗಲ್ಲ. ಆ ಕ್ಲರ್ಕ್ ಯಾವಾಗ್ಲೂ ಹಂಗೇ ಬರೀತಿದ್ನಾ ಅಂತ ನೋಡ್ಬೇಕಲ್ವಾ?"

ನಾನು ಕೈತೊಳೆಯಲು ಎದ್ದವನು ಅಲ್ಲೇ ನಿಂತೆ. ಲಿಪಿಕಾರನ ಕೈಯನ್ನು ಇಡೀ ಗ್ರಂಥದಲ್ಲಿ ನೋಡದೆ ಒಂದು ಅಕ್ಷರವನ್ನೂ ತೀರ್ಮಾನಿಸಬಾರದೆಂದು ನಲವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿದವನು ನಾನು. ಒಂದು ಪುಟದ ಒಂದು ಸಾಲು ನೋಡಿ ಪಾಠ ನಿಶ್ಚಯಿಸಿ ಬಂದಿದ್ದೆ. ಇದ್ದದ್ದನ್ನು ಹೇಳಿದೆನೆಂಬ ಹೆಮ್ಮೆಯಲ್ಲಿ ಇದ್ದದ್ದೆಲ್ಲವನ್ನೂ ನೋಡಿರಲಿಲ್ಲ.

ಮರುದಿನ ಹೋಗಿ ಕ್ಷಮೆ ಕೇಳಿದೆ. ಲೊರೆಟ್ಟಾ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡು, "ಎಷ್ಟು ಪುಟ ಓದಬೇಕು?" ಎಂದರು.

"ಇರುವಷ್ಟೂ."

"ಹಾಗಾದರೆ ಅಕ್ಷರ ದೊಡ್ಡದಾಗಬೇಕು. ನನ್ನ ಕಣ್ಣಿಗೂ ನಿಮ್ಮ ಕಣ್ಣಿಗೂ."

ಹಾಗೆ ನಾವಿಬ್ಬರೂ ರೈಲಿನಲ್ಲಿ ಪ್ಯಾರಮಟ್ಟಾಕ್ಕೆ ಹೋಗಿ, ಪ್ರತಿ ತೆಗೆಯುವ ಅಂಗಡಿಯಲ್ಲಿ ಪುಟಗಳನ್ನೆಲ್ಲ ಹಿಗ್ಗಿಸಿ ಮಾಡಿಸಿದೆವು. ಯಂತ್ರದ ಕೆಲಸ ಮುಗಿಯುವವರೆಗೆ ನದಿಯ ದಂಡೆಯಲ್ಲಿ ಕುಳಿತೆವು. ಗಾಳಿ ಜೋರಾಗಿತ್ತು. ಅವರು ಟೋಪಿಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದರು. ಬಹುದಿನದಿಂದ ಮನಸ್ಸಿನಲ್ಲಿದ್ದುದನ್ನು ನಾನು ಕೇಳಿದೆ. ತನ್ನ ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡವರ ಸ್ವಾತಂತ್ರ್ಯಕ್ಕಾಗಿ ಅವನೇಕೆ ಕಾದಾಡಿದ?

"ನಲವತ್ತು ವರ್ಷದಿಂದ ನಾನೂ ಕೇಳ್ತಾ ಇದೀನಿ," ಎಂದರು. "ಒಂದು ಮಾತು ಮಾತ್ರ ಗೊತ್ತು. ಅಂಥ ಹಡಗು ಶತ್ರುವಿನ ಕೈಗೆ ಸಿಕ್ಕರೆ ಬಿಳಿಯ ನಾವಿಕ ಸೆರೆಮನೆಗೆ ಹೋಗ್ತಿದ್ದ. ಕಪ್ಪು ನಾವಿಕನನ್ನು ಕಬ್ಬಿನ ತೋಟಗಳ ದ್ವೀಪಗಳಲ್ಲಿ ಮಾರಿಬಿಡೋ ಸಾಧ್ಯತೆ ಇತ್ತು. ಬಿಡುಗಡೆಯಾದವನು ಮತ್ತೆ ಗುಲಾಮ. ಅದು ತಿಳಿದೂ ಹತ್ತಿದ್ದಾನೆ. ಯಾಕೆ ಅಂತ ಅವನು ಹೇಳಿ ಹೋಗಲಿಲ್ಲ. ಹೆಸರು ಹೇಳಿ ಹೋಗಿದ್ದಾನೆ. ಅದನ್ನಾದರೂ ನಾನು ಬಿಟ್ಟುಕೊಡಲ್ಲ."

ಅಷ್ಟರಲ್ಲಿ ಮಹಾಲಯ ಪಕ್ಷ ಬಂತು. ಟೂಂಗಾಬಿಯ ನಮ್ಮವರ ಅಂಗಡಿಯಲ್ಲಿ ಎಳ್ಳು ಸಿಕ್ಕಿತು, ದರ್ಭೆ ಸಿಗಲಿಲ್ಲ. ನಾನು ಊರಿನಿಂದ ತಂದದ್ದನ್ನು ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಂಡಿದ್ದರು. "ಅಂಕಲ್, ದರ್ಭೆ ಮಾತ್ರ ಕೇಳ್ಬೇಡಿ," ಎಂದ ಅಂಗಡಿಯಾತ. "ಇಲ್ಲೇ ಪರ್ಮನೆಂಟಾಗಿ ಇರೋಕೆ ಪಿಆರ್ ಬೇಕಾದ್ರೆ ಸಿಗತ್ತೆ, ದರ್ಭೆ ಸಿಗಲ್ಲ." ದರ್ಭೆಯಿಲ್ಲದೆಯೇ, ಅಪಚಾರಕ್ಕೆ ಕ್ಷಮೆ ಬೇಡಿ, ಹಿತ್ತಲಿನಲ್ಲಿ ದಿನವೂ ತರ್ಪಣ ಬಿಡುತ್ತಿದ್ದೆ.

ಒಂದು ಬೆಳಗ್ಗೆ ಲೊರೆಟ್ಟಾ ಬೇಲಿಯ ಬಳಿ ನಿಂತು ನೋಡುತ್ತಿದ್ದರು. ಮುಗಿದ ಮೇಲೆ ಅದೇನೆಂದು ಕೇಳಿದರು. ಗೋತ್ರ ಹೇಳಿ, ಹೆಸರು ಹೇಳಿ, ತಂದೆ, ಅಜ್ಜ, ಮುತ್ತಜ್ಜರಿಗೆ ನೀರು ಕೊಡುವ ಕರ್ಮವೆಂದು ವಿವರಿಸಿದೆ. ಕೊನೆಯಲ್ಲಿ ಯಾರೂ ಇಲ್ಲದವರಿಗೂ ಒಂದು ಬೊಗಸೆ ಇದೆಯೆಂದೂ ಹೇಳಿದೆ. ಆಮೇಲೆ, ಸದ್ಭಾವನೆಯಿಂದಲೇ, ಇನ್ನೊಂದು ಮಾತು ಸೇರಿಸಿದೆ. "ನೀವು ಒಪ್ಪಿದರೆ ಆಬೆಲ್‌ನಿಗೂ ಬಿಡುತ್ತೇನೆ. ಗೋತ್ರ ತಿಳಿಯದವರಿಗೆ ನಮ್ಮಲ್ಲಿ ಕಾಶ್ಯಪ ಗೋತ್ರವೆಂದು ಹೇಳುವ ಪದ್ಧತಿಯಿದೆ. ಅದು ಎಲ್ಲರಿಗೂ ಸಲ್ಲುತ್ತದೆ."

ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಆದರೆ ಬೇಲಿಯ ಮೇಲಿದ್ದ ಕೈ ಬಿಗಿಯಾಯಿತು.

"ಮಿಸ್ಟರ್ ಭಟ್, ಅವನು ಹುಟ್ಟಿದಾಗ ಅವನಿಗೊಂದು ಹೆಸರಿತ್ತು, ಅವನ ಅಮ್ಮ ಇಟ್ಟದ್ದು. ಅದು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಆಬೆಲ್ ಅನ್ನೋದು ಒಡೆಯ ಕೊಟ್ಟದ್ದು. ಒಡೆಯನ ಮನೆತನದ ಹೆಸರನ್ನೂ ಹಚ್ಚಿದ್ದರು, ಅದನ್ನು ಅವನು ಬಿಸಾಡಿದ. ಕೊನೆಗೆ ಒಂದೇ ಒಂದನ್ನು ತಾನಾಗಿ ಇಟ್ಟುಕೊಂಡ. ಈಗ ನೀವು ಇನ್ನೊಂದು ಕೊಡ್ತೀನಿ ಅಂತೀರಿ."

ನನ್ನ ಕೈಯಲ್ಲಿ ಇನ್ನೂ ಎಳ್ಳು ಅಂಟಿಕೊಂಡಿತ್ತು. ಶಾಸ್ತ್ರದ ಔದಾರ್ಯವೆಂದು ಬಾಲ್ಯದಿಂದ ನಾನು ನಂಬಿದ್ದ ಮಾತು ಅದು. ಅದನ್ನು ಪಡೆಯುವವನ ಕಡೆಯಿಂದ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

"ತಪ್ಪಾಯಿತು," ಎಂದೆ.

"ಅವನು ದೇವರ ಹತ್ತಿರ ಚೆನ್ನಾಗಿದ್ದಾನೆ," ಎಂದರು ಅವರು, ದನಿ ಸಡಿಲಿಸಿ. "ಅಲ್ಲಿ ನೀರಿಗೆ ಕೊರತೆ ಇರಲ್ಲ. ನೀವು ಕಾಫಿ ಕುಡಿದು ಬನ್ನಿ. ಹದಿನೇಳನೇ ಪುಟದಲ್ಲಿ ಇದ್ದೆವು."

ಆ ಪಕ್ಷದಲ್ಲಿ ನಾನು ಆಬೆಲ್‌ನ ಹೆಸರಿನಲ್ಲಿ ನೀರು ಬಿಡಲಿಲ್ಲ. ಅವನ ಕೆಲಸವನ್ನು ಪುಟಗಳ ಮೇಲೆಯೇ ಮಾಡಿದೆ. ಬೆಳಗಿನ ಅನುಷ್ಠಾನ ಮುಗಿಸಿ ಒಂಬತ್ತಕ್ಕೆ ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ನಾನು ಅಕ್ಷರ ಅಕ್ಷರವಾಗಿ ಹೇಳುವುದು, ಅವರು ಬರೆದುಕೊಳ್ಳುವುದು. ಬಳಿಕ ಅವರು ಓದುವುದು, ನಾನು ಮೂಲದೊಡನೆ ತಾಳೆ ನೋಡುವುದು. ಇಬ್ಬರಿಗೂ ಒಪ್ಪಿಗೆಯಾಗದ ಸಾಲಿಗೆ ಪೆನ್ಸಿಲಿನಿಂದ ಗೆರೆ. ಗುಮಾಸ್ತ ನಿಧಾನವಾಗಿ ಪರಿಚಯವಾಗುತ್ತ ಬಂದ. ಹಡಗು ತೂಗಿದ ದಿನ ಅವನ ಸಾಲುಗಳು ಬಲಕ್ಕೆ ಜಾರುತ್ತಿದ್ದವು. ಚಳಿಯ ತಿಂಗಳುಗಳಲ್ಲಿ ಅಕ್ಷರ ಕುಗ್ಗುತ್ತಿತ್ತು.

"ಈ ಮನುಷ್ಯನಿಗೆ ಸಂಧಿವಾತ ಇತ್ತು," ಎಂದರು ಲೊರೆಟ್ಟಾ ಒಂದು ದಿನ. "ಹೆಬ್ಬೆರಳು ನೋವಾದಾಗ ಪೆನ್ನು ಎತ್ತಿ ಎತ್ತಿ ಇಡ್ತಾನೆ. ಅದಕ್ಕೇ ಉದ್ದದ ಹೆಸರುಗಳು ಮುರಿದಿವೆ."

ಅವರ ಮಾತು ಹಿಡಿದು ನೋಡಿದಾಗ ಎಲ್ಲವೂ ಕಾಣತೊಡಗಿತು. 'ಗುಡ್‌ವಿನ್' ಎಂಬ ಬಿಳಿಯ ನಾವಿಕನ ಹೆಸರು ಎರಡು ತುಂಡಾಗಿತ್ತು. 'ಬ್ಲ್ಯಾಕ್‌ಬರ್ನ್' ಎಂಬುದೂ ಹಾಗೆಯೇ. ಅಂಥವು ಒಂಬತ್ತು ಸಿಕ್ಕವು. ಗುಡ್‌ವಿನ್‌ನನ್ನು ಯಾರೂ 'ಒಳ್ಳೆಯ ವಿನ್' ಎಂದು ಓದಿರಲಿಲ್ಲ. ಆಬೆಲ್‌ನೊಬ್ಬನ ಹೆಸರಿನಲ್ಲಿ ಮಾತ್ರ ಎಡೆಗೆ ಅರ್ಥ ಬಂದಿತ್ತು.

ಲೊರೆಟ್ಟಾ ಅಂದೇ ಸಮಿತಿಗೆ ಇ-ಮೇಲ್‌ನಲ್ಲಿ ಪತ್ರ ಕಳಿಸಿದರು. ನಾಲ್ಕು ದಿನಗಳಲ್ಲಿ ಉತ್ತರ ಬಂತು. ನಿಮ್ಮ ವಾದ ಸಾಧ್ಯವಾದದ್ದೇ, ಆದರೆ ಖಚಿತವಲ್ಲ. ಬಣ್ಣದ ಕಾರಣದಿಂದ ಗುಮಾಸ್ತ ವರ್ಣನೆಯನ್ನೇ ಬರೆದಿರಬಹುದು. ಖಚಿತವಾದುದೇನಾದರೂ ಇದ್ದರೆ ತಿಳಿಸಿ.

ತಿಂಗಳು ಮುಗಿಯಲು ಆರು ದಿನಗಳಿದ್ದವು. ನಮ್ಮಲ್ಲಿದ್ದ ಪುಟಗಳೆಲ್ಲ ಮುಗಿದಿದ್ದವು. ನಾನು ಸಪ್ಪಗಾಗಿ ಮನೆಗೆ ಬಂದು ಅಳಿಯನಿಗೆ ಹೇಳಿದೆ. ಲೊರೆಟ್ಟಾ ಅವರ ಬಳಿ ಇಲ್ಲದ ಉಳಿದ ಪುಟಗಳನ್ನು ಅಮೆರಿಕದ ಆರ್ಕೈವಿನಿಂದ ಇಳಿಸಿಕೊಟ್ಟಿದ್ದವನು ಅವನೇ.

"ಇನ್ನೊಂದ್ ಫೈಲ್ ಇತ್ತು ಮಾವ," ಎಂದ ನವೀನ, ತಲೆ ಕೆರೆಯುತ್ತ. "ಮೇಲೆ 'ಸ್ಲಾಪ್ಸ್' ಅಂತ ಬರ್ದಿತ್ತು. ಸ್ಲಾಪಿ ಅಂದ್ರೆ ಗಲೀಜಾಗಿ ಬರ್ದಿರೋದು ಅಲ್ವಾ, ರಫ್ ಕಾಪಿ ಇರ್ಬೇಕು, ನಿಮ್ ಕಣ್ಣಿಗೆ ಯಾಕೆ ಕಷ್ಟ ಅಂತ ಬಿಟ್ಬಿಟ್ಟೆ."

ಅದನ್ನು ಹಾಗೆಯೇ ಲೊರೆಟ್ಟಾಗೆ ತಿಳಿಸಿದೆ. ಅವರು ಕುರ್ಚಿಯಿಂದ ಏಳುತ್ತ ಏಳುತ್ತಲೇ ನಕ್ಕರು. ಅವರ ಅಜ್ಜನೂ ಹಡಗಿನಲ್ಲಿ ದುಡಿದವನು. "ಸ್ಲಾಪ್ಸ್ ಅಂದರೆ ನಾವಿಕರ ಬಟ್ಟೆ. ಹಡಗಿನಿಂದ ಅಂಗಿ, ಬೂಟು ಕೊಟ್ಟದ್ದರ ಪಟ್ಟಿ. ನಿಮ್ಮ ಅಳಿಯನಿಗೆ ಹೇಳಿ, ನನ್ನ ವಂಶವನ್ನೇ ಗಲೀಜು ಬಟ್ಟೆ ಅಂತ ಬಿಟ್ಟಿದ್ದಾನೆ."

ಆ ಪಟ್ಟಿ ಹನ್ನೊಂದು ಪುಟವಿತ್ತು. ಬಟ್ಟೆ ಪಡೆದವನು ತನ್ನ ಸಾಲಿನ ಕೊನೆಯಲ್ಲಿ ಸಹಿ ಹಾಕಬೇಕಿತ್ತು. ಬರೆಯಲು ಬಾರದವನಿಗೆ ಗುಮಾಸ್ತನೇ ಹೆಸರು ಬರೆದು ಜಾಗ ಬಿಡುತ್ತಿದ್ದ, ಅಲ್ಲಿ ಅವನು ಒಂದು ಕತ್ತರಿ ಗುರುತು ಎಳೆಯುತ್ತಿದ್ದ. ಎರಡನೆಯ ಪುಟದಲ್ಲಿ ಪಾಂಪಿ ಎಂಬ ಕಪ್ಪು ನಾವಿಕನೊಬ್ಬನ ಸಾಲಿತ್ತು. ಅವನಿಗಿದ್ದುದು ಒಂದೇ ಹೆಸರು. ಗುರುತು ಹೆಸರಿನ ಬಳಿಕ, ಕೊನೆಯಲ್ಲಿ. ಅದರ ಕೆಳಗೆ ಎರಡು ಹೆಸರುಳ್ಳ ಬಿಳಿಯರಿದ್ದರು. ಅವರ ಗುರುತುಗಳು ಸ್ವಂತ ಹೆಸರಿಗೂ ಮನೆತನದ ಹೆಸರಿಗೂ ನಡುವೆ. ಇಡೀ ಪಟ್ಟಿಯಲ್ಲಿ ಈ ನಿಯಮ ತಪ್ಪಿರಲಿಲ್ಲ.

ಏಳನೆಯ ಪುಟ, ಕೆಳಗಿನಿಂದ ನಾಲ್ಕನೆಯ ಸಾಲು. ಒಂದು ದಪ್ಪ ಅಂಗಿ, ಒಂದು ಜೊತೆ ಬೂಟು. ಆಬೆಲ್, ಅದರ ಬಲಕ್ಕೆ ಗುರುತು, ಗುರುತಿನ ಬಲಕ್ಕೆ ಫ್ರೀಮನ್. ಈ ಬಾರಿ ಅದು ಒಂದೇ ಪದವಾಗಿ, ಲೇಖನಿ ಎತ್ತದೆ ಬರೆದದ್ದು. ಗುಮಾಸ್ತನಿಗೆ ಅಂದು ಹೆಬ್ಬೆರಳು ನೋಯುತ್ತಿರಲಿಲ್ಲವೇನೋ.

ನಾನು ಬೆರಳಿಟ್ಟು ತೋರಿಸಿದೆ. ಲೊರೆಟ್ಟಾ ಬಗ್ಗಿ ನೋಡಿದರು. ಕತ್ತರಿಯ ಎರಡು ಗೆರೆಗಳೂ ದಪ್ಪ. ಎರಡನೆಯದು ಕಾಗದವನ್ನು ಚುಚ್ಚಿ ಮಸಿ ಚದುರಿತ್ತು. ಹಗ್ಗ ಹಿಡಿದು ರೂಢಿಯಾದ ಕೈ ಲೇಖನಿಯನ್ನೂ ಹಾಗೆಯೇ ಹಿಡಿದಿರಬೇಕು. ವರ್ಣನೆಯ ನಡುವೆ ಯಾರೂ ಗುರುತು ಹಾಕುವುದಿಲ್ಲ. ಗುಮಾಸ್ತನೂ ಸಮಿತಿಯೂ ನಾನೂ ತಡಕಾಡಿದ ಪದಚ್ಛೇದವನ್ನು, ಓದಲು ಬಾರದ ಆ ಮನುಷ್ಯ, ತನ್ನ ಕೈಯಿಂದಲೇ ಮಾಡಿಟ್ಟಿದ್ದ. ಇದು ನನಗೆ ಇಟ್ಟದ್ದು, ಇದು ನಾನು ಇಟ್ಟುಕೊಂಡದ್ದು ಎಂದು.

ನಾನು ಎದ್ದು ನಿಂತೆ. ಊರಿನಲ್ಲಿ ಮೂಲಪ್ರತಿ ದೊರೆತಾಗ ಹಾಗೆ ನಿಲ್ಲುವ ಅಭ್ಯಾಸ. ಲೊರೆಟ್ಟಾ ಕುಳಿತೇ ಇದ್ದರು. ಕನ್ನಡಕ ತೆಗೆದು ಸೆರಗಿನಂತಿದ್ದ ತಮ್ಮ ಶಾಲಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ನೋಡಿದರು. "ಬೂಟು ಸರಿಯಾಗಿ ಹಿಡಿಸಿತ್ತೋ ಏನೋ," ಎಂದಷ್ಟೇ ಅಂದರು.

ಪತ್ರವನ್ನು ನಾವಿಬ್ಬರೂ ಕುಳಿತು ಬರೆದೆವು. ನಾನು 'ದಯಮಾಡಿ ಪರಿಶೀಲಿಸಬೇಕಾಗಿ ವಿನಂತಿ' ಎಂಬ ಅರ್ಥದ ವಾಕ್ಯವೊಂದನ್ನು ಸೂಚಿಸಿದೆ. ಅವರು ಅದನ್ನು ಹೊಡೆದುಹಾಕಿ, ಪುಟದ ಸಂಖ್ಯೆ, ಸಾಲಿನ ಸಂಖ್ಯೆ, ಪಾಂಪಿಯ ಸಾಲಿನೊಡನೆ ಹೋಲಿಕೆ ಇಷ್ಟನ್ನೇ ಬರೆದು ನವೀನನ ಕೈಯಿಂದ ಕಳಿಸಿದರು.

ಹದಿನೈದು ದಿನ ಕಳೆಯಿತು. ಅಮಾವಾಸ್ಯೆ ಮುಗಿದು ನವರಾತ್ರಿ ಹಿಡಿದಿತ್ತು. ಬೀದಿಯ ಜಕರಂಡಾ ಮರಗಳಲ್ಲಿ ಮೊಗ್ಗು ಕಾಣತೊಡಗಿತ್ತು. ಒಂದು ಮಧ್ಯಾಹ್ನ ಲೊರೆಟ್ಟಾ ಫೋನನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೇ ಬಂದರು. ಸುಮನಾ ಕೆಲಸಕ್ಕೆ ಹೋಗದ ದಿನ ಅದು, ಅವಳೇ ಬಾಗಿಲು ತೆರೆದಳು. ಸಮಿತಿ ಒಪ್ಪಿತ್ತು. ಆಬೆಲ್ ಫ್ರೀಮನ್ ಎಂದೇ ಕೆತ್ತಿಸುವುದಾಗಿ ಬರೆದಿದ್ದರು. ಇಷ್ಟು ಕಾಲ ಕಾಯಿಸಿದ್ದಕ್ಕೆ ವಿಷಾದವನ್ನೂ ಸೂಚಿಸಿದ್ದರು.

ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. ಕಲ್ಲಿನ ಮೇಲೆ ಕಪ್ಪು ನಾವಿಕರ ಹೆಸರುಗಳ ಮುಂದೆ, ಅವರು ಗುಲಾಮರಾಗಿರಲಿಲ್ಲ ಎಂಬುದು ನೋಡುವವರಿಗೆ ತಿಳಿಯಲೆಂದು, 'ಸ್ವತಂತ್ರ ಮನುಷ್ಯ' ಎಂದು ಸೇರಿಸುವ ಆಲೋಚನೆಯಿದೆ. ಗೌರವಕ್ಕಾಗಿ. ನಿಮ್ಮ ಆಬೆಲ್‌ನ ಹೆಸರಿನ ಮುಂದೆಯೂ ಹಾಗೆ ಹಾಕಬಹುದೇ?

"ಆಂಟಿ, ದಟ್ಸ್ ನೈಸ್ ಅಲ್ವಾ?" ಎಂದಳು ಸುಮನಾ, ಮರೆತು ಅರ್ಧ ಕನ್ನಡದಲ್ಲಿ.

ಲೊರೆಟ್ಟಾ ನಮ್ಮ ಊಟದ ಮೇಜಿನ ಬಳಿ ಕುಳಿತರು. ಒಂದೊಂದೇ ಅಕ್ಷರ ಒತ್ತಿ ಬರೆದರು. ಕಳಿಸುವ ಮೊದಲು ಫೋನನ್ನು ನನ್ನ ಮುಂದೆ ಹಿಡಿದರು, ಪಾಠ ಸರಿಯಿದೆಯೇ ನೋಡಿ ಎಂಬಂತೆ. ಎರಡೇ ವಾಕ್ಯವಿತ್ತು.

'ಬಿಳಿಯ ನಾವಿಕರ ಹೆಸರಿನ ಮುಂದೆ ಸ್ವತಂತ್ರ ಮನುಷ್ಯ ಎಂದು ಕೆತ್ತಿಸುತ್ತೀರಾದರೆ ಇವನ ಮುಂದೆಯೂ ಕೆತ್ತಿಸಿ. ಇಲ್ಲವಾದರೆ ಬೇಡ, ಅವನು ಅದನ್ನು ತನ್ನ ಹೆಸರಿನಲ್ಲೇ ಒಮ್ಮೆ ಹೇಳಿಯಾಗಿದೆ.'

ಒಂದಕ್ಷರ ತಿದ್ದುವುದಿರಲಿಲ್ಲ. ಕಳಿಸಿ ಎಂದೆ.